ಬಲಕ್ಕೆ ನಾವು, ಎಡಕ್ಕೆ ಮಕ್ಕಳು

ಈ ವರ್ಷ ಮಳೆ ವೇಳೆಗೆ ಸರಿಯಾಗಿ ಬಂತು. ಕಾರ್ಡು ಮಾತ್ರ ಬರಲಿಲ್ಲ.

ಏಳೆಂಟು ವರ್ಷಗಳಿಂದ, ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ವಾರದೊಳಗೆ ಹಿರೇಕೆರೂರು ತಾಲ್ಲೂಕಿನ ಮಾಸೂರಿನಿಂದ ಸವಣೂರಿನ ನಮ್ಮ ಮನೆಗೆ ಒಂದು ಪೋಸ್ಟ್ ಕಾರ್ಡು ಬರುತ್ತಿತ್ತು. ನೀಲಿ ಶಾಯಿ, ದುಂಡು ಅಕ್ಷರ, ಎರಡೇ ಸಾಲು. ‘ಅಲ್ಲಿ ಮಳೆ ಆಯಿತೇ? ನೀರು ನಿಂತಿದೆಯೇ?’ ನಾನೂ ಎರಡೇ ಸಾಲು ಬರೆದು ಹಾಕುತ್ತಿದ್ದೆ. ‘ಮಳೆ ಆಯಿತು. ನೀರು ನಿಂತಿಲ್ಲ.’ ಇದನ್ನು ನೋಡಿ ನಮ್ಮ ಮನೆಯವರು, ನೀವಿಬ್ಬರೂ ಗುಪ್ತ ಪೊಲೀಸರಿರಬೇಕು ಎಂದು ನಗುತ್ತಿದ್ದರು.

ಈ ಸಲ ಕಾರ್ಡಿನ ಬದಲು ಒಂದು ಪತ್ರ ಬಂತು, ಕಾರ್ಡು ಬರೆಯುತ್ತಿದ್ದವರ ಮಗನದು. ಅಪ್ಪ ಹೋದ ತಿಂಗಳು ತೀರಿಕೊಂಡರು, ಹಾಸಿಗೆ ಹಿಡಿಯಲಿಲ್ಲ, ಬೆಳಿಗ್ಗೆ ಹಿತ್ತಲಲ್ಲಿ ಅಡ್ಡಾಡುತ್ತ ಅಡ್ಡಾಡುತ್ತ ಕುಳಿತವರು ಏಳಲಿಲ್ಲ ಎಂದು ಬರೆದಿದ್ದ. ಹಾಸಿಗೆ ಹಿಡಿಯಲಿಲ್ಲ ಎಂಬುದನ್ನು ನಾನು ದೇವರ ಉಪಕಾರಗಳಲ್ಲಿ ಎಣಿಸಿಕೊಂಡೆ. ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಮಾಡಿದ ಉಪಕಾರಗಳನ್ನು ಬೆರಳು ಮಡಿಚಿ ಎಣಿಸುವುದು ನನ್ನ ಹಳೆಯ ಅಭ್ಯಾಸ. ಪತ್ರದ ಕೊನೆಗೆ ಆ ಹುಡುಗ ಕೇಳಿದ್ದ: ಅಪ್ಪನ ಟ್ರಂಕಿನಲ್ಲಿ ನಿಮ್ಮ ಕಾರ್ಡುಗಳ ಕಟ್ಟು ಸಿಕ್ಕಿತು, ಎಲ್ಲದರಲ್ಲೂ ಒಂದೇ ಮಾತಿದೆ, ಇದರ ಅರ್ಥವೇನು?

ಅರ್ಥ ಹೇಳಲು ಕಾರ್ಡು ಸಾಲುವುದಿಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಅದು ಅವರದೇ ಇಚ್ಛೆ, ಮುಂದೆ ಹೇಳುತ್ತೇನೆ.

ಅವರು ನಮ್ಮೂರ ಹೈಸ್ಕೂಲಿನ ಡ್ರಿಲ್ ಮಾಸ್ತರು. ಹೊಲ ನೋಡಿಕೊಳ್ಳಲು ಹೆಂಡತಿ ಮಗನನ್ನು ಮಾಸೂರಿನಲ್ಲೇ ಬಿಟ್ಟು, ನಮ್ಮ ಓಣಿಯಲ್ಲಿ ನಮ್ಮಿಂದ ಮೂರನೆಯ ಮನೆಯ ಪಡಸಾಲೆಯಲ್ಲಿ ಬಾಡಿಗೆಗೆ ಇದ್ದರು. ಊಟ ಖಾನಾವಳಿಯಲ್ಲಿ. ಹಬ್ಬಕ್ಕೆ ನಾವು ಕರೆಯುತ್ತಿದ್ದೆವು. ಹೋಳಿಗೆ ಬಡಿಸಲು ಹೋದರೆ ಉಳಿದವರಂತೆ ಸಾಕು ಬೇಡ ಎನ್ನುತ್ತಿರಲಿಲ್ಲ. ಒಂದು ಬೆರಳೆತ್ತಿ, “ಇನ್ನೊಂದ ಸುತ್ತು ಬರ್ಲಿ” ಎನ್ನುತ್ತಿದ್ದರು. ಮೈದಾನದಲ್ಲಿ ಏದುಸಿರು ಬಿಡುವ ಮಕ್ಕಳಿಗೂ ಅದೇ ಮಾತು, ಚಹಾಕ್ಕೂ ಅದೇ ಮಾತು. ಒಮ್ಮೆ ನಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಆಚಾರ್ಯರು ಕಥೆಯ ಐದನೆಯ ಅಧ್ಯಾಯ ಮುಗಿಸಿದಾಗಲೂ ಇದನ್ನೇ ಅಂದುಬಿಟ್ಟರು. ಆಚಾರ್ಯರು ಗಾಬರಿಯಾಗಿ ಪುಸ್ತಕ ಮುಚ್ಚಿದರು.

ಅವರ ಹೆಜ್ಜೆ ಎರಡೂವರೆ ಫೂಟು, ಹೆಚ್ಚಿಲ್ಲ ಕಡಿಮೆಯಿಲ್ಲ. ಎಲ್ಲಿ ಹೋದರೂ ಅಳೆಯದೆ ಬಿಡುತ್ತಿರಲಿಲ್ಲ. ನಮ್ಮ ಬಾಗಿಲಿನಿಂದ ಭಾವಿಗೆ ಹದಿನಾಲ್ಕು ಹೆಜ್ಜೆ ಎಂದು ನನಗೆ ಗೊತ್ತಾದದ್ದು ಅವರಿಂದಲೇ. ನನ್ನ ಮೈದುನನ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರೆ ಇವರು ಹಂದರದ ಈ ತುದಿಯಿಂದ ಆ ತುದಿಗೆ ನಡೆದು ಬಂದು, ಇದು ಐವತ್ತು ಮೀಟರ್ ಓಟಕ್ಕೆ ಸಾಲುವುದಿಲ್ಲ ಎಂದು ನಮ್ಮ ಮನೆಯವರ ಕಿವಿಯಲ್ಲಿ ಹೇಳಿದರು. ಕೊರಳಲ್ಲಿ ಸದಾ ಒಂದು ಹಿತ್ತಾಳೆಯ ಸೀಟಿ. ಮದುವೆಗೂ ಅದೇ, ದೇವರಿಗೂ ಅದೇ.

ಶಾಲೆಯ ಮೈದಾನದಲ್ಲಿ ಒಂದು ಅರಳಿ ಕಟ್ಟೆ ಇದೆ, ಕಟ್ಟೆಯ ಮೇಲೆ ಹನುಮಪ್ಪನ ಗುಡಿ. ನಾವು ಪ್ರಾಣದೇವರು ಎನ್ನುತ್ತೇವೆ, ಊರೆಲ್ಲ ಹನುಮಪ್ಪ ಎನ್ನುತ್ತದೆ. ಶನಿವಾರ ನಾವು ಹೆಂಗಸರು ಅಲ್ಲಿಗೆ ಪ್ರದಕ್ಷಿಣೆಗೆ ಹೋಗುತ್ತಿದ್ದೆವು. ಮಾಸ್ತರು ಕೈಮುಗಿಯುತ್ತಿರಲಿಲ್ಲ. ಹಿಮ್ಮಡಿ ಕೂಡಿಸಿ ಎದೆಯುಬ್ಬಿಸಿ ಸೆಲ್ಯೂಟ್ ಹೊಡೆಯುತ್ತಿದ್ದರು. ಕೇಳಿದ್ದಕ್ಕೆ, ನಮ್ಮನ್ನು ಮರ್ಯಾದೆಗೆ ‘ಬಾಯಾರ’ ಎಂದು ಕರೆಯುತ್ತಿದ್ದ ಅವರು ಹೇಳಿದರು: “ಹನುಮಪ್ಪ ನಮ್ಮ ಇಲಾಖೆಯವನ್ರಿ ಬಾಯಾರ. ಕೈ ಮುಗದ್ರ ಅವಗ ಸಂಕೋಚ ಆಕ್ಕೈತಿ.”

ನಮ್ಮ ಮೈದಾನ ಎರೆಮಣ್ಣಿನದು. ಬೇಸಗೆಯಲ್ಲಿ ಕಾಲು ಸಿಗುವಷ್ಟು ಬಿರುಕು. ಮಳೆಗಾಲದಲ್ಲಿ ಹೆಜ್ಜೆ ಇಟ್ಟರೆ ಮೈದಾನ ಕಾಲಿನ ಜೊತೆ ಮನೆಗೆ ಬರುತ್ತಿತ್ತು. ಶಾಲೆಗಳ ಆಟದ ಪಂದ್ಯಗಳನ್ನು ಶ್ರಾವಣದ ಮಳೆಯಲ್ಲೇ ಇಡಬೇಕೆಂದು ಯಾರು ಗೊತ್ತುಮಾಡಿದರೋ ತಿಳಿಯದು. ಮಳೆ ಹಿಡಿದ ಮೇಲೆ ಅಭ್ಯಾಸವಿಲ್ಲ, ಅಭ್ಯಾಸವಿಲ್ಲದೆ ಪಂದ್ಯ. ಹೀಗಾಗಿ ನಮ್ಮೂರ ಮಕ್ಕಳು ವರ್ಷಾವರ್ಷ ಹೋಗಿ ಉಪ್ಪಿಟ್ಟು ತಿಂದು ಬರುತ್ತಿದ್ದರು.

ನನ್ನ ಮಗಳು ಸುಧಾ ಎಂಟನೆಯ ಇಯತ್ತೆಯಲ್ಲಿದ್ದಳು. ಕಾಲಲ್ಲಿ ಚಕ್ರ ಇದ್ದವಳು. ಆ ವರ್ಷ ಊರಲ್ಲೇ ನಡೆದ ತಾಲ್ಲೂಕಿನ ಪಂದ್ಯದಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತ ತಿರುವಿನಲ್ಲಿ ಜಾರಿ ಬಿದ್ದು, ಎಮ್ಮೆ ಹೊಂಡದಿಂದ ಎದ್ದ ಹಾಗೆ ಎದ್ದು ಮನೆಗೆ ಬಂದಳು. ಬಾಗಿಲಿನಿಂದ ತುಳಸಿ ಕಟ್ಟೆಯವರೆಗೆ ಹೆಜ್ಜೆ ಹೆಜ್ಜೆಗೆ ಕೆಸರು. ಅದು ನಾನು ಸಾರಿಸಿ ಇನ್ನೂ ಒಣಗದ ನೆಲ. ಮಗಳಿಗೂ ಬೈದೆ, ಹಿಂದೆ ಬಂದ ಮಾಸ್ತರಿಗೂ ಬೈದೆ.

ಅವರು ಒಳಗೆ ಬರಲಿಲ್ಲ. ಅವರ ಕಾಲಿಗೂ ಕೆಸರಿತ್ತು. ಅಂಗಳದಲ್ಲೇ ನಿಂತು, ಮಳೆಯಲ್ಲಿ ಓಡುವಂಥ ಒಂದು ದಾರಿ ಮಾಡುತ್ತೇನೆ ಎಂದರು. ಬೇಸಗೆಗೂ ಅದೇ, ಮಳೆಗೂ ಅದೇ, ಚಳಿಗೂ ಅದೇ. ಮೇಲೆ ಚಪ್ಪರ ಹಾಕಿಸುತ್ತೀರೇನು ಎಂದು ನಾನು ಕುಟುಕಿದೆ. ಅವರು ನಗಲಿಲ್ಲ.

“ಮುಂದಿನ ವರ್ಷ ದೀಪಾವಳಿಗೆ ನಂದು ನೌಕರಿ ಮುಗೀತೈತ್ರಿ. ಕೈಯಾಗ ಇನ್ನ ಒಂದ ಮಳಗಾಲ ಐತಿ. ನಮ್ಮ ಹುಡುಗ್ರು ಮಳ್ಯಾಗ ಓಡೂದನ್ನ ಒಂದ ಸಲ ನೋಡಿ ಹೋಗ್ತೇನ್ರಿ ಬಾಯಾರ.”

ಹೇಳಿದವರೇ ನನ್ನ ರಂಗೋಲಿ ಬಟ್ಟಲು ಕೇಳಿದರು. ಕಾಲು ತೊಳೆದು ಬಂದು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ನಕ್ಷೆ ಬರೆಯತೊಡಗಿದರು. ಒಂದು ಫೂಟು ಎರೆಮಣ್ಣು ತೆಗೆಯುವುದು, ಕೆಳಗೆ ಕಲ್ಲು, ಅದರ ಮೇಲೆ ಗರಸು, ಅದರ ಮೇಲೆ ಇಟ್ಟಂಗಿಯ ಚೂರು, ಎಲ್ಲಕ್ಕೂ ಮೇಲೆ ಸೋಸಿದ ಬೂದಿ. ಯಾವುದೋ ಪುಸ್ತಕದಲ್ಲಿ ಓದಿದ್ದರಂತೆ, ಹೊರದೇಶದವರು ಬೂದಿಯ ಮೇಲೆಯೇ ಓಡುತ್ತಾರಂತೆ. ಬರೆದು ಮುಗಿಸಿದಾಗ ನೋಡುತ್ತೇನೆ, ಮಡಿ ಮೈಲಿಗೆ ನೋಡುವ ನಮ್ಮ ಮನೆಯ ತುಳಸಿ ಕಟ್ಟೆಯ ಮುಂದೆ ಒಂದು ದೊಡ್ಡ ಕೋಳಿಮೊಟ್ಟೆ. ಸುಧಾ ಕೆಸರಿನಲ್ಲೇ ಬಿದ್ದು ಬಿದ್ದು ನಕ್ಕಳು. ಮೊಟ್ಟೆಯೊಳಗೆ ಮಾಸ್ತರು ಒಂದು ಹರಳು ಇಟ್ಟರು. ಅದು ಹನುಮಪ್ಪ. ಮೈದಾನದ ಒಂದು ಕಡೆ ಹಳ್ಳ, ಒಂದು ಕಡೆ ರಸ್ತೆ. ಕಟ್ಟೆಯನ್ನು ಹೊರಗೆ ಬಿಟ್ಟರೆ ಓಡುವ ದಾರಿ ನೂರು ಚಿಲ್ಲರೆ ಮೀಟರಿನದು. ಕಟ್ಟೆಯನ್ನು ನಡುವೆ ಹಾಕಿಕೊಂಡರೆ ಸರಿಯಾಗಿ ಇನ್ನೂರು.

“ಹುಡುಗ್ರು ಇಲ್ಲಿಂದ ಬಿಡ್ತಾರ,” ಎಂದು ಬೆರಳಿಟ್ಟು ಓಡಿಸಿದರು. ಬೆರಳು ಎಡಕ್ಕೆ ತಿರುಗಿತು.

ನಾನು ಕುಡಿಯಲು ಕೊಟ್ಟ ನೀರಿನ ತಂಬಿಗೆಯನ್ನು ಅವರ ಬೆರಳಿಗೆ ಅಡ್ಡ ಇಟ್ಟೆ.

“ಯಾಕ್ರಿ?”

“ಪ್ರಾಣದೇವರನ್ನ ಎಡಕ್ಕ ಹಾಕ್ಕೊಂಡು ಸುತ್ತತಾರೇನು ಮಾಸ್ತರ? ಹಂಗ ಸುತ್ತೋದು ಸತ್ತವರಿಗೆ.”

ಓಟದ ನಿಯಮ ಹಾಗಿದೆ, ಜಗತ್ತೆಲ್ಲ ಎಡಕ್ಕೇ ಓಡುತ್ತದೆ ಎಂದರು. ಯಾರ ನಿಯಮ ಎಂದೆ. ಒಲಿಂಪಿಕ್‌ದವರದು ಎಂದರು.

“ಅವರ ಮೈದಾನದಾಗ ಹನುಮಪ್ಪ ಇಲ್ಲ. ನಮ್ಮಲ್ಲೆ ಇದ್ದಾನ.”

ಅವರು ಎದ್ದು ಭಾವಿಯ ಕಡೆ ಏಳು ಹೆಜ್ಜೆ ನಡೆದರು, ಏಳು ಹೆಜ್ಜೆ ತಿರುಗಿ ಬಂದರು. ಮುಖ್ಯಾಧ್ಯಾಪಕರು ಮೊದಲೇ ಎಚ್ಚರಿಕೆ ಕೊಟ್ಟಿದ್ದರಂತೆ, ಕಟ್ಟೆ ಊರಿನದು, ಹೆಂಗಸರು ಬೇಡವೆಂದರೆ ಒಂದು ಸಲಿಕೆಯನ್ನೂ ನೆಲಕ್ಕೆ ಹಾಕಗೊಡುವುದಿಲ್ಲ ಎಂದು. ಮೇಲಾಗಿ ಬೂದಿ ಇರುವುದು ಹೆಂಗಸರ ಒಲೆಯಲ್ಲಿ.

“ಬಲಕ್ಕ ಓಡಸ್ತೇನಿ,” ಎಂದರು. “ನಿಮಗ ಮಾತು ಕೊಟ್ಟೇನಿ. ಎಡನೋ ಬಲನೋ, ಮೊದಲ ಓಡಾಕ ನೆಲ ಬೇಕಲ್ರಿ.”

ನಾನು ತಂಬಿಗೆ ತೆಗೆದೆ. ದೊಡ್ಡ ಧರ್ಮಕಾರ್ಯ ಮಾಡಿದೆನೆಂದು ಅಂದು ಸಂಜೆ ಒಂದು ಬೆರಳು ಮಡಿಚಿದ್ದೂ ನಿಜ.

ಮುಂದೆ ಬಂದ ಬೇಸಗೆಯಲ್ಲಿ ಇಡೀ ಊರಿಗೆ ಬೂದಿಯ ಹುಚ್ಚು ಹಿಡಿಯಿತು. ಪ್ರತಿ ಸೋಮವಾರ ಮಕ್ಕಳು ಪಾಟೀಚೀಲದ ಜೊತೆ ಒಂದು ಡಬ್ಬಿ ಸೋಸಿದ ಬೂದಿ ತರಬೇಕು. ಮಂಗಳವಾರ ಶುಕ್ರವಾರ ಒಲೆಯ ಬೂದಿ ಹೊರಗೆ ಕೊಡುವುದಿಲ್ಲವೆಂದು ತಿಳಿದೇ ಮಾಸ್ತರು ಸೋಮವಾರ ಇಟ್ಟಿದ್ದರು, ಅಷ್ಟು ಸೂಕ್ಷ್ಮ. ನಮ್ಮ ಮಡಿ ಒಲೆಯ ಬೂದಿ, ಗೌಡರ ಮನೆಯ ಬೂದಿ, ಕಂಬಾರರ ಕುಲುಮೆಯ ಬೂದಿ, ಚುರುಮುರಿ ಭಟ್ಟಿಯ ಬೂದಿ ಎಲ್ಲವೂ ಒಂದೇ ಗುಡ್ಡೆ. ಪಾತ್ರೆ ತಿಕ್ಕಲು ಯಾರ ಮನೆಯಲ್ಲೂ ಬೂದಿ ಉಳಿಯಲಿಲ್ಲ. ಊರ ಪಾತ್ರೆಗಳೆಲ್ಲ ಮಂಕಾದವು. ನೀರಿಗೆ ಬಂದಲ್ಲಿ ಹೆಂಗಸರು ಕೊಡ ತೋರಿಸಿ, “ನಮ್ಮ ಕೊಡದ ಹೊಳಪೂ ಓಡಾಕ ಹೋಗೈತಿ” ಎಂದು ನಗುತ್ತಿದ್ದರು.

ಹೆಚ್ಚಿನ ಬೂದಿ ಬಂದದ್ದು ಮಂಡಕ್ಕಿ ಹುರಿಯುವ ಆ ಚುರುಮುರಿ ಭಟ್ಟಿಯಿಂದ. ಭಟ್ಟಿಯ ಮಾಲೀಕರ ತಾಯಿ, ಹಜ್ ಮಾಡಿ ಬಂದ ಅಜ್ಜಿ, ತಾವೇ ನಿಂತು ಚೀಲ ತುಂಬಿಸಿ ಕೈಗಾಡಿಗೆ ಹಾಕಿಸುತ್ತಿದ್ದರು. ಬೂದಿ ಕೊಟ್ಟು ಪ್ರತಿ ಚೀಲಕ್ಕೆ ಒಂದು ಹಿಡಿ ಚುರುಮುರಿಯನ್ನೂ ಮಕ್ಕಳ ಕೈಗೆ ಹಾಕುತ್ತಿದ್ದರು. ಹೀಗಾಗಿ ಚೀಲ ಹೊರಲು ಮಕ್ಕಳಿಗೇ ಜಗಳ. ಮಣ್ಣು ತೆಗೆದವರು ಮಕ್ಕಳು ಮತ್ತು ಅವರ ಅಪ್ಪಂದಿರು. ಕಣ ಮಾಡುವ ಕಲ್ಲುಗುಂಡನ್ನು ಒಬ್ಬ ರೈತ ಎತ್ತು ಸಮೇತ ಕಳಿಸಿದ. ಎತ್ತುಗಳ ಮುಂದೆ ಮಾಸ್ತರು ಸೀಟಿ ಊದುತ್ತ, ಎಡ ಬಲ ಎಡ ಬಲ ಎನ್ನುತ್ತ ನಡೆಯುತ್ತಿದ್ದರು. ಎತ್ತುಗಳು ಹೆಜ್ಜೆ ತಪ್ಪಲಿಲ್ಲ. ಶಾಲೆಯಲ್ಲಿ ತಮ್ಮ ಮಾತು ಕೇಳುವುದು ಇವೆರಡೇ ಎಂದು ಮಾಸ್ತರು ಹೇಳಿಕೊಂಡು ತಿರುಗಿದರು.

ಮೊದಲ ಮಳೆ ಬಿತ್ತು. ಬೂದಿ ಎದ್ದು ಅಂಬಲಿಯಾಯಿತು. ಓಡಿ ನೋಡಲು ಹೋದ ಮಕ್ಕಳು ಮಸಿಯ ಗೊಂಬೆಗಳಾಗಿ ಮನೆಗೆ ಬಂದರು. ನನ್ನ ಮಗಳ ಹಲ್ಲು ಬಿಟ್ಟರೆ ಬೇರೇನೂ ಗುರುತು ಸಿಗಲಿಲ್ಲ. ನಾನು ಕೊಡೆ ಹಿಡಿದು ಮೈದಾನಕ್ಕೆ ಹೋದೆ. ಮಾಸ್ತರು ಕಟ್ಟೆಯ ಮೇಲೆ ಕುಳಿತಿದ್ದರು. ಅವರು ಕುಳಿತದ್ದನ್ನು ನಾನು ಅಲ್ಲಿಯವರೆಗೆ ಊಟಕ್ಕೆ, ಆ ನಕ್ಷೆಗೆ ಬಿಟ್ಟರೆ ನೋಡಿರಲಿಲ್ಲ.

“ಮಳಗಾಲ ಸುರು ಆತ್ರಿ,” ಎಂದರು, ಅಷ್ಟೇ.

ನಾನು ಓಡಿದವಳಲ್ಲ, ಓಟದ ಪುಸ್ತಕ ಓದಿದವಳೂ ಅಲ್ಲ. ಆದರೆ ಮಣ್ಣಿನ ಮಾಳಿಗೆಯ ಮನೆಯಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದವಳು. ಪ್ರತಿ ವರ್ಷ ಮಳೆಗೆ ಮೊದಲು ತಲೆಯ ಮೇಲಿನ ಮಾಳಿಗೆಗೆ ಸವಳು ಮಣ್ಣು ಹಾಕಿ ಬಡಿಸುತ್ತೇವೆ. ಆ ಮಣ್ಣು ನೀರನ್ನು ಒಳಗೆ ಬಿಡುವುದಿಲ್ಲ, ಜಾರಿಸಿ ಕಳಿಸುತ್ತದೆ. ನಡುವೆ ಸ್ವಲ್ಪ ಎತ್ತರ, ಅಂಚಿಗೆ ಇಳಿಜಾರು.

“ಮಾಸ್ತರ, ನಿಮ್ಮ ದಾರಿನೂ ಒಂದು ಮಾಳಿಗಿ ಅಂತ ತಿಳೀರಿ. ನೆಲದ ಮ್ಯಾಲ ಅದ, ಅಷ್ಟ. ಬೂದಿಗೆ ಸವಳು ಕಲಸ್ರಿ.”

ಅವರು ನನ್ನ ಮುಖ ನೋಡಿದರು. ಆಮೇಲೆ ಹನುಮಪ್ಪನ ಕಡೆ ತಿರುಗಿ, “ನೀ ಯಾಕ ಹೇಳಲಿಲ್ಲಪಾ” ಎಂದು ಗದರಿಸಿ ಹೊರಟರು.

ಮಳೆ ಬಿಡುವು ಕೊಟ್ಟ ಹತ್ತು ದಿನದಲ್ಲಿ ಬೂದಿ, ಸವಳು ಕಲಸಿ, ನಡು ಎತ್ತರಿಸಿ, ಹೆಂಗಸರೆಲ್ಲ ಮಾಳಿಗೆ ಬಡಿಯುವ ಕೊಡತಿ ಹಿಡಿದು ಸಾಲಾಗಿ ಕುಳಿತು ಬಡಿದೆವು. ಬೀಸುವಾಗಿನ ಹಾಡೆಲ್ಲ ಮುಗಿದು ಕೊನೆಗೆ ಮಕ್ಕಳ ಮಗ್ಗಿಯನ್ನೂ ರಾಗದಲ್ಲಿ ಹೇಳಿದೆವು. ಮುಂದಿನ ಮಳೆಗೆ ನೀರು ದಾರಿಯ ಎರಡೂ ಬದಿಗೆ ಸರಸರ ಇಳಿದು ಹಳ್ಳಕ್ಕೆ ಹೋಯಿತು. ಸುತ್ತಲೂ ಎರೆಮಣ್ಣಿನ ಕೆಸರು, ನಡುವೆ ಬೂದುಬಣ್ಣದ ಗಟ್ಟಿ ದಾರಿ. ಮಕ್ಕಳು ಮಳೆಯಲ್ಲಿ ಓಡಿದರು, ಬಲಕ್ಕೆ, ಹನುಮಪ್ಪನನ್ನು ಬಲಕ್ಕಿಟ್ಟುಕೊಂಡು. ನಾವು ಕಟ್ಟೆಯ ಮೇಲೆ ನಿಂತು ಚಪ್ಪಾಳೆ ಹೊಡೆದೆವು. ಎಂಟು ವಾರ ಹಾಗೆಯೇ ಓಡಿದರು.

ಶ್ರಾವಣದಲ್ಲಿ ಹಾನಗಲ್ಲಿನಲ್ಲಿ ಪಂದ್ಯ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ನಾಲ್ಕೂ ತಾಲ್ಲೂಕಿನ ಮಕ್ಕಳು. ನಾನೂ ರೊಟ್ಟಿ ಶೇಂಗಾ ಚಟ್ನಿ ಕಟ್ಟಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾಸ್ತರು ಪಾಠ ಹೇಳಿಕೊಟ್ಟರು: ಅಲ್ಲಿ ಎಡಕ್ಕೆ, ಮರೆಯಬೇಡಿ, ಎಡಕ್ಕೆ. ಎಲ್ಲರ ಎಡಗೈಗೆ ಕೆಂಪು ದಾರ ಕಟ್ಟಿದರು. ಮಕ್ಕಳು ಎಡಕ್ಕೆ ಎಡಕ್ಕೆ ಎಂದು ಬಸ್ಸಿನಲ್ಲಿ ಭಜನೆಯ ಹಾಗೆ ಕೂಗಿದರು. ಆಡೂರಿನಲ್ಲಿ ಹತ್ತಿದ ಒಬ್ಬ ಮುದುಕ, ಇವರು ಯಾವ ಪಕ್ಷದವರು ಎಂದು ನನ್ನನ್ನು ಕೇಳಿದ.

ಹಾನಗಲ್ಲಿನಲ್ಲಿ ತುಂತುರು ಹನಿಯುತ್ತಿತ್ತು. ಸುಣ್ಣದ ಗೆರೆ ಅಲ್ಲಲ್ಲಿ ಅಳಿಸಿಹೋಗಿತ್ತು. ಹುಡುಗಿಯರ ಓಟ. ನಮ್ಮವರು ಇಬ್ಬರು, ಸುಧಾ ಎಲ್ಲರಿಗಿಂತ ಮುಂದೆ. ನಾನು ಪ್ರಾಣದೇವರನ್ನು ನೆನೆಯುತ್ತ ಕಣ್ಣು ಮುಚ್ಚಿ ತೆರೆದೆ. ತಿರುವು ಬಂತು. ಉಳಿದವರೆಲ್ಲ ಎಡಕ್ಕೆ ತಿರುಗಿದರು. ನಮ್ಮ ಇಬ್ಬರು ಬಲಕ್ಕೆ ತಿರುಗಿ, ಗೆರೆ ದಾಟಿ, ಅದೇ ವೇಗದಲ್ಲಿ ಸಾಹೇಬರು ಕುಳಿತ ಶಾಮಿಯಾನಾದೊಳಗೆ ಹೊಕ್ಕರು. ಅತಿಥಿಗಳೊಬ್ಬರ ಚಹಾ ಅಂಗಿಯ ಮೇಲೆ ಹೋಯಿತು. ಸುಧಾ ಅವರಿಗೆ ನಮಸ್ಕಾರ ಮಾಡಿ ತಿರುಗಿ ಓಡಿದಳು. ಕೊನೆಯಿಂದ ಎರಡನೆಯವಳಾಗಿ ಬಂದಳು. ಕೊನೆಯವಳು ನಮ್ಮೂರ ಇನ್ನೊಬ್ಬಳು.

ಆಮೇಲೆ ಹುಡುಗರ ಓಟ. ಅವರೂ ಶಾಮಿಯಾನಾಕ್ಕೇ ಹೋದರು. ಮೂರನೆಯ ಓಟಕ್ಕೆ ನಮ್ಮೂರ ಹೆಸರು ಕೂಗಿದ ಕೂಡಲೇ ಸಾಹೇಬರೆಲ್ಲ ತಾವಾಗಿಯೇ ಎದ್ದು ಕುರ್ಚಿ ಸರಿಸಿ ದಾರಿ ಬಿಟ್ಟು ನಿಂತರು. ಹಾಗೆ ನಿಂತದ್ದು ಒಳ್ಳೆಯದೇ ಆಯಿತು. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಮಾಸ್ತರು ಒದ್ದೆ ನೆಲದ ಮೇಲೆ ಕುಸಿದು ಕುಳಿತಿದ್ದರು. ಅಳುತ್ತಿದ್ದಾರೆಂದು ನಾನು ಓಡಿಹೋದೆ. ಅವರು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು.

ಸಾಹೇಬರೊಬ್ಬರು ಬಂದು ಸಿಟ್ಟಿನಿಂದ ಕೇಳಿದರು, ಈ ಮಕ್ಕಳಿಗೆ ಓಟ ಕಲಿಸಿದ ಶ್ಯಾಣ್ಯಾ ಯಾರು ಎಂದು. ನಾನು ಸೆರಗು ಸರಿಮಾಡಿಕೊಂಡು ಬಾಯಿ ತೆರೆದೆ. ಅಷ್ಟರಲ್ಲಿ ಮಾಸ್ತರು ಎದ್ದು ಹಿಮ್ಮಡಿ ಕೂಡಿಸಿ ನಿಂತಿದ್ದರು.

“ನಾನ್ರಿ ಸಾಹೇಬ್ರ. ನನಗ ಎಡ ಬಲ ತಿಳಿಯಂಗಿಲ್ರಿ.”

ಮೂವತ್ತು ವರ್ಷ ಎಡ ಬಲ ಎಂದು ಕೂಗಿ ಹೊಟ್ಟೆ ಹೊರೆದ ಮನುಷ್ಯ ಹಾಗೆ ಹೇಳಿದರು. ನನ್ನ ಕಡೆ ನೋಡಲೂ ಇಲ್ಲ. ಬಸ್ಸಿನಲ್ಲಿ ನಾನು ತಂದ ರೊಟ್ಟಿ ಹಂಚಿ, ಇನ್ನೊಂದು ಸುತ್ತು ಬರಲಿ ಎಂದು ಎರಡು ಸಲ ಕೇಳಿ ತಿಂದರು.

ಮರುದಿನ ಶಾಲೆಯವರು ಆಜ್ಞೆ ಮಾಡಿದರು: ಓಡಿದರೆ ಎಡಕ್ಕೆ ಓಡಬೇಕು, ಇಲ್ಲವಾದರೆ ಓಡುವುದೇ ಬೇಡ. ಮಾಸ್ತರು ಸೀಟಿ ಜೇಬಿಗೆ ಹಾಕಿಕೊಂಡರು. ಅವರು ಎಡಕ್ಕೆ ಓಡಿಸಿಯೇ ಬಿಡುತ್ತಾರೆಂದು ನಾನು ಕಾದೆ. ಓಡಿಸಲಿಲ್ಲ. ಸುಧಾ ಹೋಗಿ ಕೇಳಿದರೆ, ನಿಮ್ಮ ಅವ್ವಾರಿಗೆ ಮಾತು ಕೊಟ್ಟಿದ್ದೇನೆ ಎಂದರಂತೆ. ಮಳೆ ದಿನವೂ ಬರುತ್ತಿತ್ತು. ದಾರಿಯ ಮೇಲೆ ಒಂದು ಹನಿ ನೀರು ನಿಲ್ಲುತ್ತಿರಲಿಲ್ಲ, ಒಂದು ಮಗುವೂ ಓಡುತ್ತಿರಲಿಲ್ಲ. ಅವರ ಕೈಯಲ್ಲಿದ್ದ ಒಂದೇ ಮಳೆಗಾಲ ಹಾಗೆ ಸುಮ್ಮನೆ ಸುರಿದು ಹೋಗುತ್ತಿತ್ತು.

“ಅವ್ವಾ, ನಿನ್ನ ಒಂದ ತಂಬಿಗಿ ನೋಡು ಎಷ್ಟ ಮಂದೀನ ನಿಲ್ಲಿಸಿ ಬಿಟ್ಟದ,” ಎಂದಳು ಸುಧಾ. ಆ ಸಂಜೆ ನನಗೆ ಎಣಿಸಲು ಬೆರಳು ಮಡಿಯಲಿಲ್ಲ.

ಚುರುಮುರಿ ತರುವ ನೆಪದಲ್ಲಿ ಭಟ್ಟಿಗೆ ಹೋದೆ. ಹಜ್ಜಿನ ಅಜ್ಜಿ, ನನ್ನ ಬೂದಿ ಎಲ್ಲ ಹಾಳು ಮಾಡಿದಿರೇನು ಎಂದು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ. ಅವರು ಮೊರದಲ್ಲಿ ಚುರುಮುರಿ ಕೇರುತ್ತಲೇ ಕೇಳಿಸಿಕೊಂಡರು.

“ಮಕ್ಕಾದಾಗ ನಾವ್ ಎಡಕ್ಕ ಸುತ್ತಿದ್ವಿ ಬೇಟಿ. ಎಲ್ಲಾರೂ ಹಂಗ ಸುತ್ತತಾರ. ಯಾಕಂತ ನನಗೇನ್ ಗೊತ್ತು. ನಾ ಅನಕೊಂಡೆ, ಎದಿ ಎಡಗಡೆ ಐತಲ್ಲ, ದೇವರ ಕಡೆ ಅದು ಇರ್ಲಿ ಅಂತ.”

ಕೈ ತುಂಬ ಚುರುಮುರಿ ಕೊಟ್ಟು ಕಳಿಸಿದರು. ನಾನು ದಾರಿಯಲ್ಲಿ ಒಂದು ಕಾಳೂ ತಿನ್ನಲಿಲ್ಲ. ಆಚಾರ ಬಿಟ್ಟವಳಲ್ಲ ನಾನು, ಬಿಡಲೂ ಇಲ್ಲ. ಆದರೆ ಆ ಅಜ್ಜಿಯ ದೇವರಿಗೂ ಅಷ್ಟು ಜನ ಎಡಕ್ಕೆ ಸುತ್ತಿ ಒಳ್ಳೆಯದೇ ಆಗಿದ್ದರೆ, ಮಕ್ಕಳ ಕಾಲಿನ ಸುತ್ತಿಗೆ ನಮ್ಮ ಪ್ರಾಣದೇವರು ಮುನಿಯುವಷ್ಟು ಸಣ್ಣವನೇ ಎನ್ನಿಸಿತು. ಹಾಗೊಂದು ವೇಳೆ ಮುನಿದರೆ ಅದಕ್ಕೂ ಒಂದು ಉಪಾಯ ಹೊಳೆಯಿತು. ಹೊಳೆದದ್ದೇ ಓಣಿಯ ಹೆಂಗಸರನ್ನು ಕರೆದುಕೊಂಡು ಮಾಸ್ತರ ಪಡಸಾಲೆಗೆ ಹೋದೆ.

“ಸೀಟಿ ತಗೀರಿ ಮಾಸ್ತರ. ಹುಡುಗರು ಎಡಕ್ಕ ಓಡಲಿ. ಅವರು ಎಷ್ಟು ಸುತ್ತು ಎಡಕ್ಕ ಹೋಗ್ತಾರೋ ಅಷ್ಟು ಸುತ್ತು ನಾವು ಬಲಕ್ಕ ನಡೀತೀವಿ. ದೇವರಿಗೆ ಸರಿಗೆ ಸರಿ ಆಗ್ತದ.”

ಅವರು ಜೇಬಿನಿಂದ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡರು. ಆಮೇಲೆ, “ಎಷ್ಟ ಸುತ್ತು ಓಡ್ತಾರ ಗೊತ್ತೈತೇನ್ರಿ?” ಎಂದರು.

ಗೊತ್ತಿರಲಿಲ್ಲ. ದಿನಕ್ಕೆ ಹನ್ನೆರಡು. ಪ್ರದಕ್ಷಿಣೆಗೆಂದು ಹೊರಟ ನಾವು ಮೊದಲ ದಿನ ಐದಕ್ಕೇ ಕಟ್ಟೆ ಹಿಡಿದು ಕುಳಿತೆವು. ಉಳಿದ ಏಳನ್ನು ಭಾನುವಾರ ತೀರಿಸುತ್ತೇವೆಂದು ಹನುಮಪ್ಪನಿಗೆ ಹೇಳಿಕೊಂಡೆವು. ಅಲ್ಲಿಂದ ದಿನಾ ಬೆಳಿಗ್ಗೆ ಅದೇ ಜಾತ್ರೆ. ಜಿಟಿಜಿಟಿ ಮಳೆ, ಗೊಂಗಡಿ ಹೊದ್ದು ಕಚ್ಚೆ ಸೀರೆ ಎತ್ತಿ ಕಟ್ಟಿ ಬಲಕ್ಕೆ ನಡೆಯುವ ನಾವು, ಎಡಕ್ಕೆ ಓಡಿ ಬರುವ ಮಕ್ಕಳು. ಪ್ರತಿ ಸುತ್ತಿಗೆ ಎರಡು ಸಲ, ಮೂರು ಸಲ ಎದುರಾಗುವುದು. ಎದುರಾದಾಗಲೆಲ್ಲ ಸುಧಾ, “ಅವ್ವಾ, ಸಾರಿಗೆ ಉಪ್ಪು ಹಾಕಿಲ್ಲ” ಎಂದೋ, “ಹಾಲು ಉಕ್ಕತದ” ಎಂದೋ ಒಂದು ಸುಳ್ಳು ಹೇಳಿ ಓಡಿಬಿಡುತ್ತಿದ್ದಳು. ನಡುವೆ ನಿಂತ ಮಾಸ್ತರು ಮಕ್ಕಳಿಗೊಮ್ಮೆ ನಮಗೊಮ್ಮೆ ಸೀಟಿ ಊದುತ್ತಿದ್ದರು. ನಾವು ನಿಂತರೆ ಸಾಕು, “ಬಾಯಾರ, ಇನ್ನೊಂದ ಸುತ್ತು” ಎಂಬ ಕೂಗು. ಆ ಮಳೆಗಾಲದ ಉಳಿದ ದಿನವೆಲ್ಲ ಅವರು ಕೊಡೆ ಹಿಡಿಯಲಿಲ್ಲ. ತೊಯ್ಯಿಸಿಕೊಳ್ಳುತ್ತ ನಿಂತು ಮಕ್ಕಳು ಮಳೆಯಲ್ಲಿ ಓಡುವುದನ್ನು ನೋಡಿದರು. ಪಂದ್ಯ ಮುಗಿದಿತ್ತು, ಪದಕವಿರಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

ದೀಪಾವಳಿಗೆ ಅವರು ನಿವೃತ್ತರಾದರು. ದಾರಿಯ ಆರಂಭಕ್ಕೆ ಅವರ ಹೆಸರು ಕೆತ್ತಿದ ಕಲ್ಲು ನಿಲ್ಲಿಸಬೇಕೆಂದು ಊರವರು ಗೊತ್ತುಮಾಡಿದರು. ಅವರು ಕೈ ಮುಗಿದರು. ಹನುಮಪ್ಪನಿಗೂ ಮುಗಿಯದ ಕೈ.

“ಕಲ್ಲು ಬ್ಯಾಡ್ರಿ. ಹುಡುಗ್ರು ಎಡವಿ ಬೀಳ್ತಾರ. ಹೆಸರು ಬರದ್ರ ಅದನ್ನ ಓದಾಕ ನಿಂತಬಿಡ್ತಾರ. ಓಡ್ಲಿ ಬಿಡ್ರಿ.”

ಅದಕ್ಕೆ ಇಲ್ಲಿಯೂ ನಾನು ಅವರ ಹೆಸರು ಬರೆಯುತ್ತಿಲ್ಲ.

ಪತ್ರ ಬಂದ ಮರುದಿನ ಬೆಳಿಗ್ಗೆ ಒಳ್ಳೆಯ ಮಳೆ. ಎಂದಿನಂತೆ ಮೈದಾನಕ್ಕೆ ಹೋದೆ. ಈಗ ನನ್ನ ಜೊತೆ ನಡೆಯುವವರು ಕಡಿಮೆ. ಮಕ್ಕಳು ಮಾತ್ರ ಹಾಗೇ ಇದ್ದಾರೆ, ಮುಖ ಬೇರೆ. ಕಟ್ಟೆಯ ಮುಂದೆ ನಿಂತು, ಇವತ್ತೊಂದು ಸುತ್ತಿಗೆ ಅಪ್ಪಣೆ ಕೊಡು ತಂದೆ, ನಿನ್ನ ಇಲಾಖೆಯವರೇ ಹೋಗಿದ್ದಾರೆ ಎಂದು ಬೇಡಿಕೊಂಡೆ. ಆಮೇಲೆ ಎಡಕ್ಕೆ ತಿರುಗಿದೆ. ಅಪ್ರದಕ್ಷಿಣೆ ಸತ್ತವರಿಗೆ ಎಂದು ಹೇಳಿಕೊಟ್ಟವಳೇ ನಾನು.

ಅಷ್ಟು ವರ್ಷದಲ್ಲಿ ಮೊದಲ ಸಲ ಮಕ್ಕಳು ನನಗೆ ಎದುರಾಗಲಿಲ್ಲ. ಹಿಂದಿನಿಂದ ಧಡಧಡ ಬಂದು, ಗಾಳಿಯ ಹಾಗೆ ಎರಡೂ ಬದಿಯಿಂದ ದಾಟಿ ಹೋದರು. ಎರಡು ಜಡೆಯ ಒಂದು ಹುಡುಗಿ ತಿರುಗಿ ನೋಡಿ, “ಅಜ್ಜೀ, ಉಲ್ಟಾ ಹೊಂಟೀರಿ” ಎಂದಳು. ನನಗೆ ನಗು ಬಂತು. ನಾನು ನಡೆಯುವುದು ಎರಡೂವರೆ ಫೂಟಿನ ಹೆಜ್ಜೆಯಲ್ಲ, ಒಂದೂವರೆಯದು. ಆದರೂ ಸುತ್ತು ಮುಗಿಸಿದೆ. ಮುಗಿದ ಕೂಡಲೇ ಕಾಲು ನಿಲ್ಲಲಿಲ್ಲ, ಇನ್ನೊಂದು ಸುತ್ತು ಹೋದೆ. ಅದಕ್ಕೆ ಅಪ್ಪಣೆ ಕೇಳಿರಲಿಲ್ಲ.

ಮನೆಗೆ ಬಂದು ಕಾಲು ತೊಳೆಯಲು ನೀರು ಹಾಕಿಕೊಂಡೆ. ಬಗ್ಗಿ ನೋಡಿದರೆ ಪಾದಕ್ಕೆ ಕೆಸರೇ ಇರಲಿಲ್ಲ. ಒಳಗೆ ಹೋಗಿ ಅವರ ಮಗನಿಗೆ ಕಾರ್ಡು ಬರೆದೆ. ಎರಡೇ ಸಾಲು.

‘ಮಳೆ ಆಯಿತು. ನೀರು ನಿಂತಿಲ್ಲ.’